ಹಳೆಯ ಕಪ್ಪು-ಬಿಳುಪು ಚಿತ್ರಗಳನ್ನು ಇಂಕ್‌ಜೆಟ್ ಪ್ರಿಂಟರಿನಲ್ಲಿ ಮುದ್ರಿಸಲು ಯಾವ ಶಾಯಿ ತಕ್ಕದ್ದು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ನಿಮ್ಮ ಅಜ್ಜನವರು ತೆಗೆದ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿಸಿ, ಆರು ಶಾಯಿಗಳ ಟ್ಯಾಂಕ್ ಪ್ರಿಂಟರಿನಲ್ಲಿ ಮನೆಯಲ್ಲೇ ಮುದ್ರಿಸಿದ್ದೀರಿ, ಕಿಟಕಿಯ ಬಳಿ ಹಿಡಿದರೆ ಚಿತ್ರದಲ್ಲಿ ಹಸಿರು ಬೆರೆತಂತೆಯೂ, ರಾತ್ರಿ ಬಲ್ಬಿನ ಕೆಳಗೆ ನಸುಗೆಂಪಾಗಿಯೂ ಕಾಣುತ್ತಿದೆ, ಇನ್ನೂ ಗಾಢವಾದ ಕಪ್ಪು ಶಾಯಿಯನ್ನು ತಂದು ತುಂಬಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ಸರಿಹೋಗುವುದಿಲ್ಲ. ಈ ದೋಷಕ್ಕೆ ಕಾರಣ ಬೂದುಬಣ್ಣವನ್ನು ತಯಾರಿಸುವ ಕ್ರಮ. ಶಾಯಿಯನ್ನು ಆರಿಸುವಾಗಲೂ ಮೊದಲು ಅದನ್ನೇ ನೋಡಬೇಕು.

ಕಪ್ಪು-ಬಿಳುಪು ಎಂದು ಕರೆದರೂ ಅಂತಹ ಚಿತ್ರದ ಬಹುಪಾಲು ಬೂದುಬಣ್ಣವೇ. ನಿಮ್ಮಂತಹ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಕಪ್ಪು ಶಾಯಿ ಒಂದೇ ಇರುತ್ತದೆ. ಉಳಿದವು ಸಯಾನ್, ಮಜೆಂಟಾ, ಹಳದಿ ಮತ್ತು ಮೊದಲೆರಡರ ತಿಳಿಛಾಯೆಗಳು. ಆ ಒಂದು ಕಪ್ಪಿನ ಚುಕ್ಕಿಗಳನ್ನು ವಿರಳವಾಗಿ ಚೆಲ್ಲಿ ಬೂದುಬಣ್ಣವನ್ನು ತೋರಿಸಬಹುದು, ಇಲ್ಲವೇ ಬಣ್ಣದ ಶಾಯಿಗಳನ್ನು ಒಂದರ ಮೇಲೊಂದು ಹಾಕಿ ಬೂದುಬಣ್ಣವನ್ನು ಹೊಂದಿಸಬಹುದು. ಫೋಟೋ ಕಾಗದವನ್ನು ಆರಿಸಿದಾಗ ಪ್ರಿಂಟರಿನ ತಂತ್ರಾಂಶ ಸಾಮಾನ್ಯವಾಗಿ ಎರಡನೆಯದನ್ನೇ ಮಾಡುತ್ತದೆ, ನೀವು ಗ್ರೇಸ್ಕೇಲ್ ಎಂದು ಗುರುತು ಹಾಕಿದ್ದರೂ ಸಹ. ಪ್ರತಿಯೊಂದು ಬಣ್ಣವೂ ಬೆಳಕನ್ನು ತನ್ನದೇ ರೀತಿಯಲ್ಲಿ ಹೀರಿಕೊಳ್ಳುವುದರಿಂದ, ಒಂದು ದೀಪದ ಕೆಳಗೆ ಶುದ್ಧ ಬೂದುವಾಗಿ ಕಂಡ ಮಿಶ್ರಣವು ಇನ್ನೊಂದು ದೀಪದ ಕೆಳಗೆ ಹಸಿರಿಗೋ ಕೆಂಪಿಗೋ ವಾಲುತ್ತದೆ. ಮುದ್ರಣದವರು ಇದನ್ನು ಮೆಟಮೆರಿಸಂ ಎನ್ನುತ್ತಾರೆ. ಮುಖದ ಮೇಲಿನ ಬೆಳಕು, ಬಿಳಿಯ ಸೀರೆಯ ನೆರಿಗೆ ಮುಂತಾದ ತಿಳಿ ಭಾಗಗಳು ಹೆಚ್ಚಾಗಿ ಬಣ್ಣದ ಶಾಯಿಗಳಿಂದಲೇ ಆಗಿರುವುದರಿಂದ ದೋಷವೂ ಅಲ್ಲೇ ಎದ್ದು ಕಾಣುತ್ತದೆ.

ಕಪ್ಪು ಶಾಯಿಯೊಂದರಿಂದಲೇ ಮುದ್ರಿಸುವಂತೆ ಮಾಡಿದರೆ ಛಾಯೆಯ ತೊಂದರೆ ತಪ್ಪುತ್ತದೆ, ಆದರೆ ಕೆನ್ನೆಯ ಮೇಲೆ, ಆಕಾಶದಲ್ಲಿ ಮರಳು ಚೆಲ್ಲಿದಂತೆ ಚುಕ್ಕಿಗಳು ಕಾಣುತ್ತವೆ. ದೂರದಿಂದ ನೋಡುವ ದೊಡ್ಡ ಚಿತ್ರಕ್ಕೆ ಇದು ನಡೆದೀತು, ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ನಾನು ಒಪ್ಪಲಾರೆ.

ನಿಜವಾದ ಪರಿಹಾರವೆಂದರೆ ಕಪ್ಪು ಶಾಯಿಯನ್ನೇ ಬೇರೆ ಬೇರೆ ಪ್ರಮಾಣದಲ್ಲಿ ತಿಳಿಗೊಳಿಸಿ, ಆ ತಿಳಿಗಪ್ಪುಗಳಿಂದ ಬೂದುಬಣ್ಣವನ್ನು ಪಡೆಯುವುದು. ಎಪ್ಸನ್ ಸಂಸ್ಥೆಯು 2005ರಲ್ಲಿ ತಂದ ಅಲ್ಟ್ರಾಕ್ರೋಮ್ ಕೆ3 ಶಾಯಿಗಳಲ್ಲಿ ಕಪ್ಪು, ತಿಳಿಗಪ್ಪು, ಅತಿ ತಿಳಿಗಪ್ಪು ಎಂದು ಮೂರು ಹಂತಗಳಿದ್ದವು, ಮತ್ತು ಅವುಗಳನ್ನೇ ಮುಖ್ಯವಾಗಿ ಬಳಸಿ, ಬಣ್ಣವನ್ನು ಛಾಯೆ ತಿದ್ದುವಷ್ಟೇ ಸೇರಿಸುವ ಪ್ರತ್ಯೇಕ ಕಪ್ಪು-ಬಿಳುಪು ವಿಧಾನವೂ ಜೊತೆಗೆ ಬಂದಿತು. ಇದಕ್ಕೂ ಮೊದಲೇ ಅಮೆರಿಕದ ವರ್ಮಾಂಟ್‌ನಲ್ಲಿ ಜಾನ್ ಕೋನ್ ಅವರು ಪೀಜೋಗ್ರಫಿ ಎಂಬ ಹೆಸರಿನಲ್ಲಿ ಬಣ್ಣದ ಶಾಯಿಗಳನ್ನೆಲ್ಲ ತೆಗೆದುಹಾಕಿ ಆ ಸ್ಥಾನಗಳಲ್ಲಿ ಕಪ್ಪಿನ ಹಂತಗಳನ್ನೇ ತುಂಬುವ ಪದ್ಧತಿಯನ್ನು ರೂಪಿಸಿದ್ದರು; ಮುಂದೆ ಅದು ಏಳು ಹಂತಗಳವರೆಗೆ ಬೆಳೆಯಿತು. ಇಂತಹ ಶಾಯಿಗಳನ್ನು ಎಲ್ಲೆಲ್ಲಿ ಎಷ್ಟೆಷ್ಟು ಹಾಕಬೇಕೆಂದು ಹೇಳಿಕೊಡಲು ರಾಯ್ ಹ್ಯಾರಿಂಗ್ಟನ್ ಅವರ ಕ್ವಾಡ್‌ಟೋನ್ ರಿಪ್ ಎಂಬ ತಂತ್ರಾಂಶವಿದೆ, ಎಪ್ಸನ್‌ನ ಹಲವು ಮಾದರಿಗಳಿಗೆ ಅದು ಹೊಂದುತ್ತದೆ.

ಇನ್ನು ಬಾಳಿಕೆಯ ಮಾತು. ಟ್ಯಾಂಕ್ ಪ್ರಿಂಟರಿನೊಡನೆ ಬರುವ ಫೋಟೋ ಶಾಯಿಗಳು ಬಹುತೇಕ ಡೈ ಬಗೆಯವು, ಅಂದರೆ ಬಣ್ಣವು ನೀರಿನಲ್ಲಿ ಪೂರ್ತಿ ಕರಗಿರುತ್ತದೆ. ಹೊಳಪು ಕಾಗದದ ಮೇಲೆ ಇವು ಕೊಡುವ ನಯವಾದ, ಆಳವಾದ ಕಪ್ಪು ನನಗೂ ಇಷ್ಟ. ಆದರೆ ಬೆಳಕು ಮತ್ತು ಗಾಳಿಯಲ್ಲಿನ ಓಝೋನ್ ಇವನ್ನು ಬೇಗ ಕೆಡಿಸುತ್ತವೆ, ಥಟ್ಟನೆ ಒಣಗುವ ರಂಧ್ರಮಯ ಕಾಗದದ ಮೇಲಂತೂ ಇನ್ನೂ ಬೇಗ. ನಾನು ಅಗ್ಗದ ಮರುಪೂರಣ ಶಾಯಿಯಿಂದ ಮುದ್ರಿಸಿ, ಗಾಜಿಲ್ಲದೆ ನಡುಮನೆಯಲ್ಲಿ ತೂಗುಹಾಕಿದ್ದ ನನ್ನ ತಾಯಿಯವರ ಚಿತ್ರವು ಎರಡು ಮಳೆಗಾಲ ಕಳೆಯುವುದರೊಳಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅದನ್ನು ಕೆಳಗಿಳಿಸಿದ ದಿನ ಆದ ನೋವಿನಿಂದಲೇ ನಾನು ಈ ವಿಷಯವನ್ನು ಕಲಿಯತೊಡಗಿದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣವು ಕರಗದ ಸೂಕ್ಷ್ಮ ಕಣಗಳಾಗಿ ಇರುತ್ತದೆ. ಆದ್ದರಿಂದ ಹೆಚ್ಚು ಬಾಳುತ್ತದೆ. ಅವುಗಳಲ್ಲೂ ಇಂಗಾಲದ ಕಣ ಎಲ್ಲಕ್ಕಿಂತ ಗಟ್ಟಿ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದ ಅಕ್ಷರಗಳಿಗೆ ನಮ್ಮ ಹಿರಿಯರು ತೀಡುತ್ತಿದ್ದ ದೀಪದ ಮಸಿಯೂ ಇಂಗಾಲವೇ. ಗರಿ ಮುರಿದರೂ ಅದರ ಕಪ್ಪು ಮಾಸಿರುವುದಿಲ್ಲ.

ಅಪ್ಪಟ ಇಂಗಾಲದ ಶಾಯಿಯ ಬೂದುಬಣ್ಣವು ಸ್ವಲ್ಪ ಕಂದುಛಾಯೆಯದು ಎಂಬುದನ್ನು ಮೊದಲೇ ತಿಳಿದಿರಬೇಕು. ಹಳೆಯ ಕುಟುಂಬ ಚಿತ್ರಗಳಿಗೆ ಆ ಬೆಚ್ಚನೆಯ ಛಾಯೆ ಒಪ್ಪುತ್ತದೆ ಎಂದೇ ನನ್ನ ಅಭಿಪ್ರಾಯ. ಅದು ಬೇಡವೆಂದರೆ ಸ್ವಲ್ಪ ನೀಲಿ ಮತ್ತು ಮಜೆಂಟಾ ಪಿಗ್ಮೆಂಟ್ ಬೆರೆಸಿ ತಟಸ್ಥಗೊಳಿಸುತ್ತಾರೆ; ಕಾಲ ಕಳೆದಂತೆ ಮೊದಲು ಮಾಸುವುದು ಹೀಗೆ ಬೆರೆಸಿದ ಭಾಗವೇ.

ಶಾಯಿಯನ್ನು ಕಾಗದದಿಂದ ಬೇರೆಯಾಗಿ ಆರಿಸಲಾಗದು. ಮ್ಯಾಟ್ ಬ್ಲ್ಯಾಕ್ ಎಂಬ ಕಪ್ಪು ಹತ್ತಿಯ ನಾರಿನ ಹೊಳಪಿಲ್ಲದ ಕಾಗದಕ್ಕೆ, ಫೋಟೋ ಬ್ಲ್ಯಾಕ್ ಹೊಳಪು ಕಾಗದಕ್ಕೆ ಮತ್ತು ಬರೈಟಾ, ಅಂದರೆ ಬೇರಿಯಂ ಸಲ್ಫೇಟಿನ ಲೇಪವಿರುವ, ಕಾಗದಕ್ಕೆ. ಅದಲುಬದಲಾದರೆ ಮೊದಲನೆಯದು ಹೊಳಪು ಕಾಗದದ ಮೇಲೆ ನಿಲ್ಲದೆ ಉಜ್ಜಿಹೋಗುತ್ತದೆ, ಎರಡನೆಯದು ಹತ್ತಿಯ ಕಾಗದದ ಮೇಲೆ ಬೂದಿಯಂತೆ ಪೇಲವವಾಗುತ್ತದೆ. ಒಳ್ಳೆಯ ಮ್ಯಾಟ್ ಕಾಗದದಲ್ಲಿ ಕಪ್ಪಿನ ಸಾಂದ್ರತೆ ಸುಮಾರು 1.7ರವರೆಗೆ, ಬರೈಟಾದಲ್ಲಿ 2.3ರ ಆಸುಪಾಸಿಗೆ ಏರುತ್ತದೆ. ಎಂದರೆ ಮೊದಲನೆಯದು ಬಿದ್ದ ಬೆಳಕಿನ ಶೇ. 2ರಷ್ಟನ್ನು, ಎರಡನೆಯದು ಶೇ. 0.5ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಅಂಕಿಗಳಲ್ಲಿ ಬರೈಟಾ ಗೆದ್ದರೂ, ಅದರ ಮೇಲೆ ಪಿಗ್ಮೆಂಟ್ ಶಾಯಿಯು ಓರೆಯಾಗಿ ನೋಡಿದಾಗ ಕಂಚಿನಂತೆ ಮಿನುಗುವ ಸಾಧ್ಯತೆಯಿದೆ. ಮ್ಯಾಟ್ ಕಾಗದದಲ್ಲಿ ಆ ಕಾಟವಿಲ್ಲ.

ನಿಮ್ಮ ಈಗಿನ ಪ್ರಿಂಟರಿನ ಡೈ ಶಾಯಿಯ ಟ್ಯಾಂಕಿಗೆ ಪಿಗ್ಮೆಂಟ್ ಶಾಯಿಯನ್ನು ದಯವಿಟ್ಟು ಸುರಿಯಬೇಡಿ. ಎರಡೂ ಬೆರೆತರೆ ಕಣಗಳು ಗಂಟುಕಟ್ಟಿ, ಕಾಗದದ ಮೇಲೆ ಶಾಯಿ ಚಿಮ್ಮಿಸುವ ಹೆಡ್ ಮುಚ್ಚಿಹೋಗಬಹುದು. ಅದನ್ನು ಬಣ್ಣದ ಚಿತ್ರಗಳಿಗೂ, ಪರೀಕ್ಷೆಯ ಪ್ರತಿಗಳಿಗೂ ಇಟ್ಟುಕೊಳ್ಳಿ. ಮನೆತನದಲ್ಲಿ ಉಳಿಯಬೇಕಾದ ಚಿತ್ರಗಳು ಹತ್ತಿಪ್ಪತ್ತು ಮಾತ್ರವಾದರೆ, ಹಲವು ಕಪ್ಪುಗಳಿರುವ ಪಿಗ್ಮೆಂಟ್ ಪ್ರಿಂಟರ್ ಇಟ್ಟುಕೊಂಡಿರುವವರಿಗೆ ಫೈಲುಗಳನ್ನು ಕೊಟ್ಟು, ಯಾವ ಶಾಯಿ, ಯಾವ ಕಾಗದ ಎಂದು ಕೇಳಿ ಮಾಡಿಸುವುದೇ ಮಿತವ್ಯಯ. ನೂರಾರು ನೆಗೆಟಿವ್‌ಗಳಿದ್ದರೆ ಅಂತಹ ಯಂತ್ರವನ್ನು ಕೊಳ್ಳುವುದಕ್ಕೆ ಅರ್ಥವಿದೆ. ಎಪ್ಸನ್ 2020ರಲ್ಲಿ ತಂದ ಪಿ700, ಪಿ900 ಮಾದರಿಗಳಲ್ಲಿ ಎರಡೂ ಕಪ್ಪುಗಳಿಗೆ ಪ್ರತ್ಯೇಕ ದಾರಿಯಿರುವುದರಿಂದ ಕಾಗದ ಬದಲಿಸುವಾಗ ಶಾಯಿ ವ್ಯರ್ಥವಾಗುವುದಿಲ್ಲ. ಆದರೆ ವಾರಕ್ಕೊಮ್ಮೆಯಾದರೂ ಒಂದು ಪುಟ ಮುದ್ರಿಸದಿದ್ದರೆ ಪಿಗ್ಮೆಂಟ್ ಹೆಡ್‌ಗಳು ಕಟ್ಟಿಕೊಳ್ಳುವ ಭಯವಿದ್ದೇ ಇದೆ.

ಯಾರಿಂದ ಮಾಡಿಸಿದರೂ ಮೊದಲು ನೀವು ಹೇಳಿದ, ಅಜ್ಜಿಯವರು ಬಿಳಿಯ ಸೀರೆಯುಟ್ಟು ಬಾಗಿಲಲ್ಲಿ ನಿಂತ ಚಿತ್ರವನ್ನು ಸಣ್ಣ ಅಳತೆಯಲ್ಲಿ ತೆಗೆಸಿ. ಒಂದು ದಿನ ಒಣಗಲು ಬಿಟ್ಟು, ಹಗಲಿನಲ್ಲೊಮ್ಮೆ ರಾತ್ರಿಯ ದೀಪದಲ್ಲೊಮ್ಮೆ ನೋಡಿ. ಸೀರೆಯ ನೆರಿಗೆಗಳೂ, ಬಾಗಿಲ ಹಿಂದಿನ ಕತ್ತಲೆಯೊಳಗಿನ ವಿವರಗಳೂ ಎರಡೂ ಬೆಳಕಿನಲ್ಲಿ ಒಂದೇ ಛಾಯೆಯಲ್ಲಿ ಬಿಡಿಬಿಡಿಯಾಗಿ ಕಂಡರೆ, ಅದೇ ಶಾಯಿ ಮತ್ತು ಅದೇ ಕಾಗದದಲ್ಲಿ ಉಳಿದವನ್ನೂ ಮಾಡಿಸಿ.