ರಾತ್ರಿ ಕಾಲ್ ಬೇಡ ಅನ್ನೋದು ತಪ್ಪಲ್ಲ
ಕ್ಯಾಲಿಫೋರ್ನಿಯಾದ ಟೀಮ್ ಜೊತೆ ದಿನಾ ರಾತ್ರಿ 10ಕ್ಕೆ ಕಾಲ್, ಬೇಡ ಅಂದರೆ ಸೋಮಾರಿ ಅಂದುಕೊಳ್ಳುತ್ತಾರಾ ಅಂತ ಕೇಳಿದ್ದೀರಿ. ಧೈರ್ಯವಾಗಿ ಹೇಳಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ಅದರಲ್ಲಿ ಮಾಮೂಲಿ ಕೆಲಸಕ್ಕೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂತಿದೆ. 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ನಮ್ಮ ಆಫೀಸಿನಲ್ಲೂ ಜೋರು ಚರ್ಚೆಯಾಯಿತು, ನನಗಂತೂ ಅದು ಒಪ್ಪಿಗೆಯಾಗಲಿಲ್ಲ, ಯಾಕಂದ್ರೆ ನಿದ್ದೆಗೆಟ್ಟು ಬರೆದ ಕೋಡ್‌ನಲ್ಲಿ ತಪ್ಪುಗಳೇ ಜಾಸ್ತಿ ಅಲ್ವಾ? ಆದರೆ ಸುಮ್ನೆ ಬೇಡ ಅನ್ನಬೇಡಿ, ಬದಲಿ ದಾರಿ ಹೇಳಿ. ನಾನು ವಾರಕ್ಕೆ ಎರಡೇ ಕಾಲ್, ಉಳಿದದ್ದು ಬರೆದು ಕಳಿಸುತ್ತೇನೆ ಅಂದೆ. ಮ್ಯಾನೇಜರ್ ಒಪ್ಪಿದರು. ಈಗ ಮಗಳ ಜೊತೆ ಊಟ ಮಾಡುತ್ತೇನೆ.