ಹಪ್ಪಳ ಅಮೆರಿಕಕ್ಕೆ ಹೋಗಲಿ, ಸೂಟ್‌ಕೇಸಿನಲ್ಲಿ

ತಂಗೀ, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಅಮೆರಿಕಕ್ಕೆ ನೇರವಾಗಿ ಮಾರಲು ವೆಬ್‌ಸೈಟ್ ಮಾಡಿಸಲಾ, ಇಲ್ಲಾ ಬೆಂಗಳೂರಿನ ಗಿರಾಕಿಗಳೇ ಸಾಕಾ ಅಂತ ಕೇಳಿದ್ದೀಯ. ವೆಬ್‌ಸೈಟಿಗೆ 40 ಸಾವಿರ ಹೇಳಿದ್ದಾರಂತೆ. ಸದ್ಯ ಆ ದುಡ್ಡು ನಿನ್ನ ಹತ್ತಿರವೇ ಇರಲಿ.

ಮೊದಲು ನಿನ್ನ ಹತ್ತಿರ ಮಾಲು ಎಷ್ಟಿದೆ ನೋಡು. ಬಲಿತ ಹಲಸು ಸಿಗುವುದು ಎರಡು, ಎರಡೂವರೆ ತಿಂಗಳು. ಮಳೆ ಹಿಡಿದರೆ ಅಂಗಳದ ಕೆಲಸ ಮುಗಿಯಿತು. ನಮ್ಮ ಮನೆಯಲ್ಲಿ ಮೂರು ಜನ ಕೂತು ಒತ್ತಿದರೆ ದಿನಕ್ಕೆ 300 ಹಪ್ಪಳ, ಅಂದ್ರೆ 25ರ 12 ಕಟ್ಟು. ಇಡೀ ಸೀಸನ್‌ಗೆ 500 ಕಟ್ಟು ದಾಟಿದ್ದಿಲ್ಲ. ಕಳೆದ ವರ್ಷ ದೀಪಾವಳಿಗೆ ಮೊದಲೇ ಡಬ್ಬಿ ಖಾಲಿ. ಇಷ್ಟಕ್ಕೆ ಇಡೀ ಪ್ರಪಂಚದ ಗಿರಾಕಿ ಯಾಕೆ?

ಇನ್ನು ಕಾಗದಪತ್ರ. ಎಲ್ಲರೂ ಸಮುದ್ರ ದಾಟುವುದೇ ಕಷ್ಟ ಅಂದುಕೊಳ್ಳುತ್ತಾರೆ. ನಮ್ಮಂಥವರಿಗೆ ಮೊದಲ ಬೇಲಿ ರಾಜ್ಯದ ಗಡಿ. ಶಿರಸಿಯಿಂದ ಬೆಂಗಳೂರು 400 ಕಿಲೋಮೀಟರ್, ಗೋವಾ ಅದರ ಅರ್ಧವೂ ಇಲ್ಲ. ಆದರೂ ಉಪ್ಪಿನಕಾಯಿ ಬಾಟಲಿ ಬೆಂಗಳೂರಿಗೆ ಹೋದರೆ 40 ಲಕ್ಷ ವಹಿವಾಟಿನ ತನಕ ಜಿಎಸ್‌ಟಿ ನೋಂದಣಿ ಬೇಡ. ಅದೇ ಬಾಟಲಿ ಗೋವಾಕ್ಕೆ ಮಾರಿದರೆ ಮೊದಲ ರೂಪಾಯಿಯಿಂದಲೇ ಬೇಕು. ಹಪ್ಪಳ ಒಂದನ್ನೇ ಮಾರುವವರಿಗೆ ಈ ತಲೆನೋವಿಲ್ಲ, ಅದಕ್ಕೆ ಜಿಎಸ್‌ಟಿ ಸೊನ್ನೆ. 2023ರ ಅಕ್ಟೋಬರ್‌ನಿಂದ ದೊಡ್ಡ ಆನ್‌ಲೈನ್ ಅಂಗಡಿಗಳಲ್ಲೂ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ ನೋಂದಣಿ ಕಡ್ಡಾಯವಲ್ಲ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿಯನ್ನು ಮಾತ್ರ ಬಿಡಬೇಡ. ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ. ಆ 14 ಅಂಕಿಯ ನಂಬರ್ ಲೇಬಲ್ ಮೇಲೆ ಇರಲೇಬೇಕು.

ಅಮೆರಿಕಕ್ಕೆ ವ್ಯಾಪಾರವಾಗಿ ಕಳಿಸಬೇಕಾದರೆ ರಫ್ತಿನ ಐಇಸಿ ಕೋಡ್ ಬೇಕು, ಅದು 500 ರೂಪಾಯಿ, ದೊಡ್ಡ ಮಾತಲ್ಲ. ಆದರೆ ತಿನ್ನುವ ವಸ್ತು ಅಂದಮೇಲೆ ಅಲ್ಲಿನ ಆಹಾರ, ಔಷಧ ನೋಡಿಕೊಳ್ಳುವ ಎಫ್‌ಡಿಎಗೆ ಮುಂಚೆಯೇ ತಿಳಿಸಬೇಕು. ಮೊದಲು 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಸುಂಕ ಇರಲಿಲ್ಲ. 2025ರ ಆಗಸ್ಟ್ 29ರಿಂದ ಆ ವಿನಾಯಿತಿ ತೆಗೆದರು. ಆಗ ಕೆಲವು ವಾರ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತ್ತು. ಸೀಸನ್ ಮಾಲು ಇಟ್ಟುಕೊಂಡು ಇಂಥ ಆಟ ನಮಗೆ ಆಗಲ್ಲ.

ಹಾಗಂತ ನಮ್ಮ ಹಪ್ಪಳ ಅಮೆರಿಕ ನೋಡಿಲ್ಲ ಅಂದುಕೊಳ್ಳಬೇಡ! ಅಲ್ಲಿ ತಿನ್ನುವವರ ಅಪ್ಪ ಅಮ್ಮ ಜಯನಗರದಲ್ಲೋ ಮೈಸೂರಿನಲ್ಲೋ ಇರುತ್ತಾರೆ. ಮಗಳ ಬಾಣಂತನಕ್ಕೆ ಹೊರಟಾಗ, ಮಗ ರಜಕ್ಕೆ ಬಂದು ವಾಪಸ್ ಹೋಗುವಾಗ ನಮಗೆ ಫೋನ್ ಬರುತ್ತದೆ. ನಿನ್ನ ನಿಜವಾದ ಗಿರಾಕಿ ಆ ಅಮ್ಮ. ಅವರಿಗೆ ತಕ್ಕಂತೆ ಕಟ್ಟು. ಗಾಜು ಬೇಡ, ದಪ್ಪ ಪೌಚ್ ಸಾಕು, ಸೂಟ್‌ಕೇಸಿನ ತೂಕವೂ ಉಳಿಯುತ್ತದೆ. ಏನೇನು ಹಾಕಿದೆ ಅಂತ ಇಂಗ್ಲಿಷ್‌ನಲ್ಲೂ ಬರೆ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ ಅನ್ನು. ಅಲ್ಲಿ ಇಳಿದಾಗ ತಿಂಡಿ ಇದೆ ಅಂತ ಮುಚ್ಚಿಡದೆ ಹೇಳಲು ತಿಳಿಸು.

ಮೊದಲ ವರ್ಷ ನಾನೂ ಒಂದು ದೊಡ್ಡ ಆನ್‌ಲೈನ್ ಅಂಗಡಿಗೆ ಹಾಕಿದ್ದೆ. ಮನೆಗೆ ಬಂದಮೇಲೆ ದುಡ್ಡು ಕೊಡುವ ಲೆಕ್ಕ. ಹನ್ನೊಂದು ಪಾರ್ಸೆಲ್ ವಾಪಸ್ ಬಂತು. ಬಿಚ್ಚಿದರೆ ಹಪ್ಪಳ ಎಲ್ಲಿ, ಬರೀ ನುಚ್ಚು! ಒಂದರಲ್ಲಿ ಮಿಡಿಯ ರಸ ಸೋರಿ ರಟ್ಟು ಹುಳಿ ವಾಸನೆ ಹೊಡೆಯುತ್ತಿತ್ತು. ಅವತ್ತಿಂದ ದುಡ್ಡು ಮೊದಲು, ಅದೂ ಯುಪಿಐನಲ್ಲಿ.

ಈಗ ಮಾಡುವುದು ಇಷ್ಟೇ. ವಾಟ್ಸಾಪ್‌ನಲ್ಲಿ ಆರ್ಡರ್ ಬರೆದುಕೊಳ್ಳುತ್ತೇನೆ. ಕಟ್ಟಿನ ಮೇಲೂ ಕೆಳಗೂ ದುಂಡಗೆ ಕತ್ತರಿಸಿದ ರಟ್ಟು ಇಟ್ಟು ಬಿಗಿಯಾಗಿ ಕಟ್ಟುತ್ತೇನೆ. ನಾಲ್ಕೈದು ಆರ್ಡರ್ ಒಟ್ಟಾದರೆ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕುತ್ತೇನೆ, ಬೆಳಿಗ್ಗೆ ಬೆಂಗಳೂರಿನಲ್ಲಿ ನನ್ನ ಸ್ವಂತ ತಂಗಿಯ ಮಗ ಇಳಿಸಿಕೊಳ್ಳುತ್ತಾನೆ. ಒಂದೆರಡು ಕಟ್ಟು ಕೇಳಿದವರಿಗೆ ಸ್ಪೀಡ್ ಪೋಸ್ಟ್. ಕೊರಿಯರ್‌ನವರು ಕೆಲವರು ಡಬ್ಬದ ಗಾತ್ರಕ್ಕೇ ದುಡ್ಡು ಹಾಕುತ್ತಾರೆ. ಹಪ್ಪಳ ಹಗುರ, ಡಬ್ಬ ಮಾತ್ರ ದೊಡ್ಡದು, ಅಲ್ಲೇ ಪೆಟ್ಟು ಬೀಳುವುದು.

ನಾಳೆ ಎರಡು ಪಾರ್ಸೆಲ್ ಕಟ್ಟುವುದಿದೆ. ರಟ್ಟು ಇಡುವ ರೀತಿಯ ಫೋಟೊ ಇಲ್ಲೇ ಹಾಕುತ್ತೇನೆ.