ಉತ್ತರ: ಬೀಟಲ್ಸ್‌ನ ಜರ್ಮನ್ ಹಾಡುಗಳ ಸಾಹಿತ್ಯ ಯಾರದ್ದು?

ಇಂಗ್ಲೆಂಡಿನ ಬ್ಯಾಂಡ್ ಬೀಟಲ್ಸ್ ಜರ್ಮನ್‌ನಲ್ಲಿ ಹಾಡಿದ ಹಾಡುಗಳ ಸಾಹಿತ್ಯ ಬರೆದದ್ದು ಒಬ್ಬ ಜರ್ಮನ್ ರೇಡಿಯೊ ನಿರೂಪಕರಂತೆ, ಹುಡುಕಿದರೂ ಹೆಸರು ಸಿಗಲಿಲ್ಲ, ಯಾರವರು ಅಂತ ಕೇಳಿದ್ದಿರಿ. ನೀವು ಕೇಳಿದ್ದು ಸರಿ, ಅವರು ರೇಡಿಯೊ ನಿರೂಪಕರೇ. ಹೆಸರು ಕಮಿಲ್ಲೊ ಫೆಲ್ಗನ್. ಆದರೆ ಜರ್ಮನ್ನರಲ್ಲ, ಲಕ್ಸೆಂಬರ್ಗ್‌ನವರು. 1958ರಿಂದ ಸುಮಾರು ಹತ್ತು ವರ್ಷ ರೇಡಿಯೊ ಲಕ್ಸೆಂಬರ್ಗ್‌ನ ಜರ್ಮನ್ ಕಾರ್ಯಕ್ರಮಗಳ ಮುಖ್ಯ ದನಿ ಅವರದೇ.

ಜರ್ಮನಿಯಲ್ಲಿ ರೆಕಾರ್ಡ್ ಮಾರಬೇಕಾದರೆ ಜರ್ಮನ್‌ನಲ್ಲೇ ಹಾಡಬೇಕು ಅಂತ ಅಲ್ಲಿನ ಕಂಪನಿ ಹಟ ಹಿಡಿದಿತ್ತು. ಹಾಗಾಗಿ 1964ರ ಜನವರಿ 29ರಂದು ಪ್ಯಾರಿಸ್‌ನ ಸ್ಟುಡಿಯೊದಲ್ಲಿ ಬೀಟಲ್ಸ್ ಎರಡು ಹಾಡುಗಳನ್ನು ಜರ್ಮನ್‌ನಲ್ಲಿ ಹಾಡಿದರು. ಫೆಲ್ಗನ್ ಸಾಹಿತ್ಯ ಬರೆದಿದ್ದಷ್ಟೇ ಅಲ್ಲ, ಅಲ್ಲಿಗೇ ಹೋಗಿ ಉಚ್ಚಾರಣೆಯನ್ನೂ ಹೇಳಿಕೊಟ್ಟರು. ರೆಕಾರ್ಡಿನ ಮೇಲೆ ಅವರ ಸ್ವಂತ ಹೆಸರಿಲ್ಲ, ಕಾವ್ಯನಾಮ ಇದೆ. ಹುಡುಕಿದರೂ ಸಿಗದೇ ಇರೋದಕ್ಕೆ ಅದೇ ಕಾರಣ ಇರಬೇಕು.

ಅವರನ್ನು ಬರೀ ಬೀಟಲ್ಸ್‌ಗಾಗಿ ನೆನೆಯೋದು ಅನ್ಯಾಯ ಅಂತ ನನಗನ್ನಿಸುತ್ತದೆ. ಅವರು ಒಳ್ಳೆಯ ಗಾಯಕರೂ ಹೌದು. 1960ರಲ್ಲಿ ಯೂರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆ ಯೂರೋವಿಷನ್‌ನಲ್ಲಿ ಲಕ್ಸೆಂಬರ್ಗ್‌ ಭಾಷೆಯಲ್ಲೇ ಹಾಡಿದರು. ಸಿಕ್ಕಿದ್ದು ಒಂದೇ ಅಂಕ, ಕೊನೆಯ ಸ್ಥಾನ. ಆದರೂ 1962ರಲ್ಲಿ ಮತ್ತೆ ಹೋಗಿ ಮೂರನೆಯವರಾದರು. ಎಂಥ ಛಲ ಅಲ್ವಾ! 2005ರಲ್ಲಿ ತೀರಿಕೊಂಡರು.

ಮೊದಲು ಅವರ 1959ರ ‘ಸಾಗ್ ವಾರುಮ್’ ಹಾಡು ಕೇಳಿ. ಆ ದನಿ ತುಂಬಾ ಮೃದು.